ಗೆಸ್ಟ್ ವೈ-ಫೈ ಲಾಗಿನ್ ಪುಟ ಬರುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಹೋಂಸ್ಟೇ, ಲಾಡ್ಜ್, ಕಲ್ಯಾಣ ಮಂಟಪ, ಕ್ಲಿನಿಕ್, ಕೆಫೆ ಎಲ್ಲೇ ಆಗಲಿ, ಗೆಸ್ಟ್ ವೈ-ಫೈಗೆ ಲಾಗಿನ್ ಪುಟ ಹಾಕಿಸಿದ ಮೇಲೆ ದೂರು ಬರುವುದು ಒಂದೇ ಮಾತಿನಲ್ಲಿ: "ವೈ-ಫೈ ಬರ್ತಿಲ್ಲ." ಕೇಳಿದ ತಕ್ಷಣ ರಿಸೆಪ್ಷನ್‌ನವರು ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಒಮ್ಮೊಮ್ಮೆ ಸರಿಹೋಗುತ್ತದೆ, ಯಾಕೆ ಸರಿಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಮುಂದಿನ ಶನಿವಾರ ಅದೇ ಕಥೆ. ಈ ಬರಹ ಆ ಸ್ವಿಚ್‌ಗೆ ಕೈ ಹಾಕುವ ಮೊದಲು ಏನು ನೋಡಬೇಕು ಅನ್ನುವುದರ ಬಗ್ಗೆ.

ಪುಟ ಹೇಗೆ ಏಳುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಫೋನ್ ವೈ-ಫೈಗೆ ಸೇರಿದ ಕೂಡಲೇ, ನಾವು ಏನೂ ಮಾಡದೆಯೇ, ಇಂಟರ್ನೆಟ್ ಇದೆಯಾ ಅಂತ ಒಂದು ಗೊತ್ತಾದ ವಿಳಾಸಕ್ಕೆ ಕೇಳಿ ನೋಡುತ್ತದೆ. ಆಂಡ್ರಾಯ್ಡ್ ಸಾಮಾನ್ಯವಾಗಿ ಕೇಳುವುದು 'ಕನೆಕ್ಟಿವಿಟಿಚೆಕ್ ಡಾಟ್ ಜಿಸ್ಟ್ಯಾಟಿಕ್ ಡಾಟ್ ಕಾಮ್' ಅನ್ನು. ಅಲ್ಲಿಂದ 204 ಅನ್ನುವ ಖಾಲಿ ಉತ್ತರ ಬಂದರೆ ಅದಕ್ಕೆ ಸಮಾಧಾನ. ಐಫೋನ್ 'ಕ್ಯಾಪ್ಟಿವ್ ಡಾಟ್ ಆಪಲ್ ಡಾಟ್ ಕಾಮ್' ಅನ್ನು ಕೇಳಿ 'ಸಕ್ಸೆಸ್' ಅನ್ನುವ ಪದಕ್ಕೆ ಕಾಯುತ್ತದೆ. ವಿಂಡೋಸ್‌ಗೂ ಇಂಥದ್ದೇ ಒಂದು ವಿಳಾಸವಿದೆ. ಈ ಪ್ರಶ್ನೆ ಹೋಗುವುದು ಗೂಢಲಿಪಿ ಇಲ್ಲದ ಸಾದಾ ಎಚ್‌ಟಿಟಿಪಿಯಲ್ಲಿ. ನಿಮ್ಮ ರೂಟರ್ ಅದನ್ನು ದಾರಿಯಲ್ಲೇ ಹಿಡಿದು, ಆ ಸರ್ವರ್ ತಾನೇ ಅನ್ನುವಂತೆ "ಈ ಪುಟಕ್ಕೆ ಹೋಗು" ಅಂತ ಉತ್ತರಿಸುತ್ತದೆ. ನಿರೀಕ್ಷಿಸಿದ ಉತ್ತರ ಬರಲಿಲ್ಲ ಅಂತ ಫೋನ್ ಲಾಗಿನ್ ಪುಟ ತೆರೆಯುತ್ತದೆ.

ಅಂದರೆ ಇಡೀ ವ್ಯವಸ್ಥೆ ನಿಂತಿರುವುದು ರೂಟರ್ ಹೇಳುವ ಒಂದು ಸುಳ್ಳಿನ ಮೇಲೆ. ಇಂಥ ಸುಳ್ಳಿಗೆ ಅವಕಾಶ ಕೊಡದ ಎಚ್‌ಟಿಟಿಪಿಎಸ್ (ಎಚ್‌ಟಿಟಿಪಿಯ ಗೂಢಲಿಪಿ ರೂಪ), ವಿಪಿಎನ್ (ಎಲ್ಲ ಸಂಚಾರವನ್ನೂ ಗೂಢಲಿಪಿಯ ಸುರಂಗದಲ್ಲಿ ಕಳಿಸುವ ತಂತ್ರಾಂಶ), ಖಾಸಗಿ ಡಿಎನ್‌ಎಸ್ (ಸೈಟ್‌ನ ವಿಳಾಸವನ್ನು ಗೂಢಲಿಪಿಯಲ್ಲಿ ಕೇಳುವ ವಿಧಾನ) ಎಲ್ಲವೂ ಲಾಗಿನ್ ಪುಟಕ್ಕೆ ಅಡ್ಡ ಬರುತ್ತವೆ. ಕೆಳಗಿನ ಬಹುಪಾಲು ದೋಷಗಳ ಬೇರು ಇಲ್ಲೇ ಇದೆ.

ಮೊದಲು ಕೇಳಬೇಕಾದದ್ದು: ಒಂದೇ ಫೋನಾ, ಎಲ್ಲರದ್ದಾ?

ದೂರು ಕೊಟ್ಟವರ ಫೋನ್ ಬದಿಗಿರಲಿ. ನಿಮ್ಮದೇ ಫೋನ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಅನ್ನು 'ಮರೆತುಬಿಡಿ' ಕೊಟ್ಟು, ಮೊಬೈಲ್ ಡೇಟಾ ಆಫ್ ಮಾಡಿ, ಹೊಸದಾಗಿ ಸೇರಿ ನೋಡಿ. ನಿಮ್ಮ ಫೋನ್ ಈಗಾಗಲೇ ಒಳಗೆ ಬಿಡಲ್ಪಟ್ಟ ಪಟ್ಟಿಯಲ್ಲಿದ್ದರೆ ಪರೀಕ್ಷೆಗೆ ಬೆಲೆಯಿಲ್ಲ. ಎಂದೂ ಸೇರದ ಇನ್ನೊಂದು ಫೋನ್ ಹುಡುಕಿ. ಹೊಸ ಫೋನ್‌ಗೆ ಪುಟ ಬಂತು ಅಂದರೆ ದೋಷ ಅತಿಥಿಯ ಫೋನ್‌ನಲ್ಲಿದೆ. ಬರಲಿಲ್ಲ ಅಂದರೆ ನಿಮ್ಮ ಕಡೆ ಇದೆ. ಇದಕ್ಕೆ ಖರ್ಚು ಎರಡು ನಿಮಿಷ, ಉಳಿಯುವುದು ಎರಡು ಗಂಟೆ.

ಎಲ್ಲರಿಗೂ ತೊಂದರೆ ಇದ್ದರೆ ಮುಂದಿನ ಪ್ರಶ್ನೆ: ರೂಟರ್‌ಗೇ ಇಂಟರ್ನೆಟ್ ಇದೆಯಾ? ಆಫೀಸಿನ ಕಂಪ್ಯೂಟರ್ ಕೇಬಲ್‌ನಲ್ಲಿದ್ದರೆ ಅದರಲ್ಲಿ ಯಾವುದಾದರೂ ಸೈಟ್ ತೆರೆಯಿರಿ. ಹೊರಗಿನ ಲೈನ್ ಸತ್ತಿದ್ದರೆ ಲಾಗಿನ್ ಪುಟವೂ ಸಾಮಾನ್ಯವಾಗಿ ಏಳುವುದಿಲ್ಲ. ಫೋನ್ ಕೇಳುವ ವಿಳಾಸದ ಹೆಸರನ್ನು ಐಪಿಗೆ, ಅಂದರೆ ಅಂಕಿಗಳ ವಿಳಾಸಕ್ಕೆ, ತಿರುಗಿಸಿಕೊಡುವ ಡಿಎನ್‌ಎಸ್ ಹೊರಗಡೆ ಇರುತ್ತದೆ. ಅದು ಸಿಗದಿದ್ದರೆ ಪ್ರಶ್ನೆ ಹೊರಡುವುದೇ ಇಲ್ಲ, ರೂಟರ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. "ಪೋರ್ಟಲ್ ಕೆಟ್ಟಿದೆ" (ಪೋರ್ಟಲ್ ಅಂದರೆ ಲಾಗಿನ್ ಪುಟ ಕೊಡುವ ವ್ಯವಸ್ಥೆ) ಅಂತ ಕರೆ ಬಂದಾಗ ಕೊನೆಗೆ ಫೈಬರ್ ಕಟ್ ಆಗಿರುವುದು ಗೊತ್ತಾಗುವುದು ಮಲೆನಾಡಿನ ಮಳೆಗಾಲದಲ್ಲಿ ಮಾಮೂಲು.

"ಐಪಿ ವಿಳಾಸ ಪಡೆದುಕೊಳ್ಳಲಾಗುತ್ತಿದೆ" ಅಂತಲೇ ನಿಂತಿದೆ

ಬೆಳಿಗ್ಗೆ ಚೆನ್ನಾಗಿತ್ತು, ಜನ ಸೇರಿದ ಮೇಲೆ ಹೊಸಬರಿಗೆ ಸಿಗುತ್ತಿಲ್ಲ ಅಂದರೆ ವಿಳಾಸಗಳು ಖಾಲಿಯಾಗಿವೆ ಅಂತಲೇ ಲೆಕ್ಕ. ಸಾಮಾನ್ಯ ರೂಟರ್‌ನ ವ್ಯಾಪ್ತಿಯಲ್ಲಿ ಹೆಚ್ಚೆಂದರೆ 254 ವಿಳಾಸ, ಹಂಚಿಕೆಗೆ ಇಟ್ಟದ್ದು ಇನ್ನೂ ಕಡಿಮೆ. ಲೀಸ್ ಅವಧಿ (ಒಂದು ವಿಳಾಸ ಒಬ್ಬರ ಹೆಸರಲ್ಲಿರುವ ಕಾಲ) 24 ಗಂಟೆ ಇದ್ದರೆ ಬೆಳಿಗ್ಗೆ ತಿಂಡಿ ತಿಂದು ಹೊರಟವರ ವಿಳಾಸವೂ ನಾಳೆವರೆಗೆ ಅವರ ಹೆಸರಲ್ಲೇ ಇರುತ್ತದೆ. ಮದುವೆ ಛತ್ರದಲ್ಲಿ ಲಾಗಿನ್ ಮಾಡದವರ ಫೋನ್ ಕೂಡ ಸೇರಿದ ಮಾತ್ರಕ್ಕೆ ಒಂದು ವಿಳಾಸ ಹಿಡಿದುಕೊಳ್ಳುತ್ತದೆ ಅನ್ನುವುದು ನೆನಪಿರಲಿ.

ರೂಟರ್‌ನ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ವ್ಯವಸ್ಥೆ) ಪಟ್ಟಿ ತೆರೆದು ಎಷ್ಟು ತುಂಬಿದೆ ನೋಡಿ. ಲೀಸ್ ಅನ್ನು ಒಂದು ಗಂಟೆಗೆ ಇಳಿಸಿ. ದೊಡ್ಡ ಜಾಗವಾದರೆ ಗೆಸ್ಟ್ ಜಾಲಕ್ಕೆ '/22' ಅಂತ ಬರೆಯುವ ದೊಡ್ಡ ವ್ಯಾಪ್ತಿ ಕೊಡಿ, 1022 ವಿಳಾಸ ಸಿಗುತ್ತವೆ.

ಲ್ಯಾಪ್‌ಟಾಪ್‌ನಲ್ಲಿ 169.254 ಅಂತ ಶುರುವಾಗುವ ವಿಳಾಸ ಕಂಡರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಇಟ್ಟುಕೊಂಡಿದೆ ಅಂತ ಅರ್ಥ. ಇನ್ನು ವಿಳಾಸ ಸಿಕ್ಕಿದೆ, ಆದರೆ ನಿಮ್ಮ ಗೆಸ್ಟ್ ಜಾಲದ ಸರಣಿಯದ್ದಲ್ಲ ಅಂದರೆ ಯಾರೋ ಹಳೆಯ ರೂಟರ್ ಒಂದನ್ನು "ರೇಂಜ್ ಜಾಸ್ತಿ ಆಗ್ಲಿ" ಅಂತ ಮೂಲೆಯಲ್ಲಿ ಚುಚ್ಚಿದ್ದಾರೆ, ಅದೂ ವಿಳಾಸ ಹಂಚುತ್ತಿದೆ. ಆ ರೂಟರ್ ಅನ್ನು ಹುಡುಕಿ ಕೀಳಿ. ಕೀಳಲು ಮನಸ್ಸಿಲ್ಲದಿದ್ದರೆ ಅದರ ಡಿಎಚ್‌ಸಿಪಿಯನ್ನಾದರೂ ಆಫ್ ಮಾಡಿ.

ಕನೆಕ್ಟ್ ಆಗಿದೆ, ಪುಟ ಮಾತ್ರ ತಾನಾಗಿ ಏಳುತ್ತಿಲ್ಲ

ಅತಿ ಹೆಚ್ಚು ಬರುವ ದೂರು ಇದು, ಅತಿ ಹೆಚ್ಚು ಕಾರಣಗಳಿರುವುದೂ ಇದಕ್ಕೇ.

ಒಂದೇ ಫೋನ್ ಆದರೆ ಮೊದಲು ಮೇಲಿನ ನೋಟಿಫಿಕೇಶನ್ ಎಳೆದು ನೋಡಿ. "ವೈ-ಫೈ ನೆಟ್‌ವರ್ಕ್‌ಗೆ ಸೈನ್ ಇನ್ ಮಾಡಿ" ಅಂತ ಅಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಎಷ್ಟೋ ಸಲ ಸಮಸ್ಯೆ ಇಷ್ಟೇ. ಇಲ್ಲದಿದ್ದರೆ ವಿಪಿಎನ್ ಆಫ್ ಮಾಡಿಸಿ. ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ ವಿಪಿಎನ್ ಸದಾ ಆನ್ ಇರುವಂತೆ ಬಿಗಿದಿರುತ್ತಾರೆ, ಮಾಲೀಕರಿಗೂ ಆಫ್ ಮಾಡಲು ಬರುವುದಿಲ್ಲ. ಅಂಥವರ ಯಂತ್ರವನ್ನು ಮ್ಯಾಕ್ ವಿಳಾಸದ (ಸಾಧನದ ವೈ-ಫೈ ಗುರುತಿನ ಸಂಖ್ಯೆ) ಮೂಲಕ ನೇರವಾಗಿ ಒಳಗೆ ಬಿಡುವುದೇ ಸುಲಭ.

ಆಮೇಲೆ ಖಾಸಗಿ ಡಿಎನ್‌ಎಸ್. ಆಂಡ್ರಾಯ್ಡ್ 9ರಿಂದ ಈ ಸೆಟ್ಟಿಂಗ್ ಇದೆ. 'ಸ್ವಯಂಚಾಲಿತ' ಅಂತ ಇದ್ದರೆ ತೊಂದರೆ ಇಲ್ಲ. ಜಾಹೀರಾತು ತಡೆಯಲೆಂದು ಯಾರಾದರೂ ಅಲ್ಲಿ ಸರ್ವರ್ ಹೆಸರು ಬರೆದಿಟ್ಟಿದ್ದರೆ ಫೋನ್ ಆ ಸರ್ವರ್ ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. ಇದರ ಗುರುತು ವಿಚಿತ್ರ: ಸೈನ್ ಇನ್ ನೋಟಿಫಿಕೇಶನ್‌ನಿಂದ ಹೋದರೆ ಪುಟ ಬರಬಹುದು, ಬ್ರೌಸರ್‌ನಿಂದ ಹೋದರೆ ಬರುವುದಿಲ್ಲ, ಲಾಗಿನ್ ಆದ ಮೇಲೂ "ಖಾಸಗಿ ಡಿಎನ್‌ಎಸ್ ಸರ್ವರ್ ಸಿಗುತ್ತಿಲ್ಲ" ಅನ್ನುತ್ತದೆ. ಆ ಕೊನೆಯದಕ್ಕೆ ಸಾಮಾನ್ಯವಾಗಿ ಕಾರಣ ನಿಮ್ಮ ಫೈರ್‌ವಾಲ್ (ಜಾಲದ ಸಂಚಾರಕ್ಕೆ ಕಾವಲು ಕಾಯುವ ವ್ಯವಸ್ಥೆ) 853ನೇ ಪೋರ್ಟ್ (ಖಾಸಗಿ ಡಿಎನ್‌ಎಸ್ ಹೋಗುವ ಬಾಗಿಲು) ಮುಚ್ಚಿರುವುದು. ಲಾಗಿನ್ ಆದವರಿಗೆ ಅದನ್ನು ತೆರೆದುಬಿಡಿ.

ಎಲ್ಲ ಫೋನ್‌ಗಳಲ್ಲೂ ಹೀಗೇ ಆದರೆ ಒಂದು ಫೋನ್ ಹಿಡಿದು ಎರಡು ಪರೀಕ್ಷೆ ಮಾಡಿ. ಬ್ರೌಸರ್‌ನಲ್ಲಿ 'ನೆವರ್ ಎಸ್‌ಎಸ್‌ಎಲ್ ಡಾಟ್ ಕಾಮ್' ತೆರೆಯಿರಿ (ಇದು ಬೇಕೆಂದೇ ಎಚ್‌ಟಿಟಿಪಿಎಸ್ ಇಲ್ಲದೆ ಇಟ್ಟ ಸೈಟ್). ಆಮೇಲೆ ಪೋರ್ಟಲ್ ಇರುವ ಯಂತ್ರದ ಐಪಿಯನ್ನೇ ನೇರವಾಗಿ ಟೈಪ್ ಮಾಡಿ.

ಐಪಿಗೆ ಪುಟ ಬಂತು, ಹೆಸರಿಗೆ ಬರಲಿಲ್ಲ ಅಂದರೆ ಡಿಎನ್‌ಎಸ್ ದೋಷ. ಗೆಸ್ಟ್ ಜಾಲಕ್ಕೆ ಹಂಚಿದ ಡಿಎನ್‌ಎಸ್ ವಿಳಾಸ ರೂಟರ್‌ನದ್ದೇ ಆಗಿದೆಯಾ, ಲಾಗಿನ್ ಆಗದವರೂ ಅದನ್ನು ತಲುಪಲು ಬಿಟ್ಟಿದ್ದೀರಾ ನೋಡಿ. ಪೋರ್ಟಲ್‌ಗೆ ಡಾಟ್ ಲೋಕಲ್ ಅಂತ ಕೊನೆಯಾಗುವ ಹೆಸರು ಇಟ್ಟಿದ್ದರೆ ಬದಲಿಸಿ. ಐಫೋನ್, ಆಪಲ್ ಕಂಪ್ಯೂಟರ್‌ಗಳು ಅಂಥ ಹೆಸರನ್ನು ಡಿಎನ್‌ಎಸ್‌ಗೆ ಕೇಳದೆ ಅಕ್ಕಪಕ್ಕದ ಸಾಧನಗಳನ್ನು ಕೇಳುತ್ತವೆ.

ಐಪಿಗೂ ಬರಲಿಲ್ಲ ಅಂದರೆ ಪೋರ್ಟಲ್ ಓಡುತ್ತಿಲ್ಲ ಅಥವಾ ಫೈರ್‌ವಾಲ್ ಅಡ್ಡ ಇದೆ. ಇಲ್ಲಿ ಒಂದು ಮಾಮೂಲಿ ಪ್ರಸಂಗವಿದೆ. ವೈ-ಫೈ ಸಾಧನಗಳನ್ನು ನಿಭಾಯಿಸಿ ಲಾಗಿನ್ ಪುಟ ಕೊಡುವ ಕಂಟ್ರೋಲರ್ ಬಾಕ್ಸ್‌ಗೆ ದುಡ್ಡು ಯಾಕೆ ಅಂತ ಒಮಾಡ ಅಥವಾ ಯೂನಿಫೈ ಬ್ರ್ಯಾಂಡ್‌ನ ಕಂಟ್ರೋಲರ್ ತಂತ್ರಾಂಶವನ್ನು ರಿಸೆಪ್ಷನ್ ಕಂಪ್ಯೂಟರ್‌ಗೇ ಹಾಕಿಸಿರುತ್ತಾರೆ. ರಾತ್ರಿ ಬಾಗಿಲು ಹಾಕುವಾಗ ಬಿಲ್ಲಿಂಗ್‌ನವರು ಕಂಪ್ಯೂಟರ್ ಶಟ್‌ಡೌನ್ ಮಾಡಿ ಹೋಗುತ್ತಾರೆ. ವೈ-ಫೈ ಸಿಗ್ನಲ್ ಹಾಗೇ ಇರುತ್ತದೆ, ಮೊದಲೇ ಲಾಗಿನ್ ಆದವರಿಗೆ ನಡೆಯುತ್ತಿರುತ್ತದೆ, ತಡವಾಗಿ ಚೆಕ್-ಇನ್ ಮಾಡಿದವರಿಗೆ ಮಾತ್ರ ಬಿಳಿ ಪರದೆ. "ರಾತ್ರಿ ಹೊತ್ತು ಮಾತ್ರ ಪ್ರಾಬ್ಲಮ್" ಅನ್ನುವ ದೂರು ಬಂದರೆ ನಾನು ಮೊದಲು ನೋಡುವುದೇ ಆ ಕಂಪ್ಯೂಟರ್. ಅದು ಸ್ಲೀಪ್‌ಗೆ ಹೋಗದಂತೆ ಮಾಡಿ, ಅದರ ಐಪಿ ಬದಲಾಗದಂತೆ ಕಟ್ಟಿಹಾಕಿ. ವಿಂಡೋಸ್ ಫೈರ್‌ವಾಲ್‌ನಲ್ಲಿ ಒಮಾಡಕ್ಕೆ 8088, 8843 ಮತ್ತು ಯೂನಿಫೈಗೆ 8880, 8843 ಪೋರ್ಟ್‌ಗಳು ತೆರೆದಿರಬೇಕು. ತಂತ್ರಾಂಶ ಮೂಲತಃ ಬಳಸುವ ಅಂಕಿಗಳಿವು. ಗೆಸ್ಟ್ ಜಾಲ ಬೇರೆ ವಿಲ್ಯಾನ್‌ನಲ್ಲಿದ್ದರೆ (ಅದೇ ಉಪಕರಣಗಳಲ್ಲಿ ಪ್ರತ್ಯೇಕಿಸಿದ ಜಾಲ) ಅಲ್ಲಿಂದ ಈ ಪೋರ್ಟ್‌ಗಳಿಗೆ ಮಾತ್ರ ದಾರಿ ಬಿಡಿ, ಇಡೀ ಕಂಪ್ಯೂಟರ್‌ಗೆ ಬೇಡ. ನನ್ನ ಅಭಿಪ್ರಾಯದಲ್ಲಿ ಈ ಉಳಿತಾಯ ಉಳಿತಾಯವೇ ಅಲ್ಲ. ಸದಾ ಆನ್ ಇರುವ ಪುಟ್ಟ ಕಂಟ್ರೋಲರ್ ಒಂದಕ್ಕೆ ಕೊಟ್ಟ ದುಡ್ಡು ಒಂದೇ ಸೀಸನ್‌ನಲ್ಲಿ ತಲೆನೋವಿನ ಲೆಕ್ಕದಲ್ಲಿ ವಾಪಸ್ ಬರುತ್ತದೆ.

ಇನ್ನೊಂದು ಸಾಧ್ಯತೆ: ನೆವರ್ ಎಸ್‌ಎಸ್‌ಎಲ್ ತೆರೆದರೆ ಪುಟ ಬರುತ್ತದೆ, ತಾನಾಗಿ ಮಾತ್ರ ಏಳುವುದಿಲ್ಲ. ಆಗ 'ವಾಲ್ಡ್ ಗಾರ್ಡನ್' ನೋಡಿ, ಅಂದರೆ ಲಾಗಿನ್‌ಗೆ ಮುಂಚೆಯೇ ತಲುಪಲು ಬಿಟ್ಟ ಸೈಟ್‌ಗಳ ಪಟ್ಟಿ. ಗೂಗಲ್ ಲಾಗಿನ್ ಇರಲಿ ಅಂತ ಯಾರೋ ಜಿಸ್ಟ್ಯಾಟಿಕ್‌ನ ಎಲ್ಲ ಉಪವಿಳಾಸಗಳನ್ನೂ ಸಾರಾಸಗಟಾಗಿ ಸೇರಿಸಿರುತ್ತಾರೆ. ಫೋನ್ ಪ್ರಶ್ನೆ ಕೇಳುವುದೂ ಅಲ್ಲಿಗೇ. ರೂಟರ್ ತಡೆಯುವುದಿಲ್ಲ, ನಿಜವಾದ 204 ಉತ್ತರ ಬರುತ್ತದೆ, "ಇಂಟರ್ನೆಟ್ ಇದೆ" ಅಂತ ಫೋನ್ ನಂಬಿ ಸುಮ್ಮನಾಗುತ್ತದೆ. ಅತಿಥಿಗೆ ಪುಟವೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಆಪಲ್ ವಿಳಾಸಗಳನ್ನು ಸಾರಾಸಗಟಾಗಿ ಬಿಟ್ಟರೆ ಐಫೋನ್‌ಗಳಿಗೂ ಇದೇ ಗತಿ. ಆಂಡ್ರಾಯ್ಡ್‌ಗೆ ಬರುವುದಿಲ್ಲ, ಐಫೋನ್‌ಗೆ ಬರುತ್ತದೆ, ಅಥವಾ ಇದರ ಉಲ್ಟಾ ಅನ್ನುವ ದೂರಿಗೆ ನಾನು ಕಂಡಂತೆ ಬಹುತೇಕ ಇದೇ ಕಾರಣ. ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಹಾಕಿ ಬಿಟ್ಟ ವಿಳಾಸಗಳನ್ನು ತೆಗೆದು, ಬೇಕಾದ ಪೂರ್ತಿ ಹೆಸರನ್ನಷ್ಟೇ ಬರೆಯಿರಿ.

ಮುಂದುವರಿದವರಿಗೆ ಒಂದು ಮಾತು. 2020ರಲ್ಲಿ ಬಂದ ಆರ್‌ಎಫ್‌ಸಿ 8910 ಅನ್ನುವ ಇಂಟರ್ನೆಟ್ ಮಾನದಂಡದ ಪ್ರಕಾರ ರೂಟರ್ ವಿಳಾಸ ಹಂಚುವಾಗಲೇ, ಡಿಎಚ್‌ಸಿಪಿಯ 114ನೇ ಆಯ್ಕೆಯಲ್ಲಿ, ಇಲ್ಲಿ ಪೋರ್ಟಲ್ ಇದೆ ಅಂತ ನೇರವಾಗಿ ತಿಳಿಸಬಹುದು. ಸುಳ್ಳು ಹೇಳುವ ಅಗತ್ಯವೇ ಇಲ್ಲ. ಆಂಡ್ರಾಯ್ಡ್ 11 ಮತ್ತು ಐಒಎಸ್ 14ರಿಂದ ಇದು ಅರ್ಥವಾಗುತ್ತದೆ. ನಿಮ್ಮ ರೂಟರ್‌ನಲ್ಲಿ ಸೌಲಭ್ಯವಿದ್ದರೆ ಬಳಸಿ, ಹಳೆಯ ಫೋನ್‌ಗಳಿಗಾಗಿ ಹಳೆಯ ದಾರಿಯೂ ಇರಲಿ.

"ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಅನ್ನುವ ಕೆಂಪು ಎಚ್ಚರಿಕೆ

ಎಚ್ಚರಿಕೆಯ ಮೇಲೆ ಯಾವ ವಿಳಾಸವಿದೆ ಅಂತ ಓದಿ. ಗೂಗಲ್, ಬ್ಯಾಂಕ್ ಇತ್ಯಾದಿ ಹೆಸರಿದ್ದರೆ ಅತಿಥಿ ಲಾಗಿನ್ ಆಗುವ ಮುಂಚೆ ಎಚ್‌ಟಿಟಿಪಿಎಸ್ ಸೈಟ್ ತೆರೆಯಲು ಹೋಗಿದ್ದಾರೆ, ರೂಟರ್ ಅದನ್ನೂ ತಿರುಗಿಸಲು ನೋಡಿ ಸಿಕ್ಕಿಬಿದ್ದಿದೆ. ರೂಟರ್‌ನಲ್ಲಿ ಎಚ್‌ಟಿಟಿಪಿಎಸ್ ತಿರುಗಿಸುವ ಆಯ್ಕೆಯನ್ನು ಆಫ್ ಮಾಡಿ. ಅದರಿಂದ ಲಾಭಕ್ಕಿಂತ ಗಾಬರಿಯೇ ಹೆಚ್ಚು.

ನಿಮ್ಮದೇ ಪೋರ್ಟಲ್ ಹೆಸರಿದ್ದರೆ ಆ ಹೆಸರು ನಿಮ್ಮದೇ ಅಂತ ಸಾಬೀತುಪಡಿಸುವ ಸರ್ಟಿಫಿಕೇಟ್‌ನ ಅವಧಿ ಮುಗಿದಿರಬಹುದು. ಉಚಿತವಾಗಿ ಇದನ್ನು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಸರ್ಟಿಫಿಕೇಟ್ ಬದುಕುವುದು 90 ದಿನ. ತಾನಾಗಿ ನವೀಕರಣ ಆಗುವ ವ್ಯವಸ್ಥೆ ನಿಂತುಹೋದರೆ ಮೂರು ತಿಂಗಳಿಗೊಮ್ಮೆ ಇದೇ ದೂರು.

"ಅಡ್ವಾನ್ಸ್ಡ್ ಒತ್ತಿ, ಮುಂದುವರಿ ಕೊಡಿ" ಅಂತ ಗೋಡೆಗೆ ಚೀಟಿ ಅಂಟಿಸಿದ ಲಾಡ್ಜ್‌ಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಂಪು ಎಚ್ಚರಿಕೆ ದಾಟಲು ನೀವೇ ಕಲಿಸಿದ ಅತಿಥಿ ನಾಳೆ ಬಸ್ ಸ್ಟ್ಯಾಂಡ್‌ನ ಕಳ್ಳ ವೈ-ಫೈಯಲ್ಲೂ ಅದನ್ನೇ ಮಾಡುತ್ತಾರೆ.

ಪುಟ ಬಂತು, ಆದರೆ ಅರ್ಧಂಬರ್ಧ

ಲೋಗೋ ಇಲ್ಲ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ ಅಂದರೆ ಪುಟದ ಚಿತ್ರ, ಫಾಂಟ್, ಸ್ಕ್ರಿಪ್ಟ್‌ಗಳು ಹೊರಗಿನ ಸರ್ವರ್‌ನಿಂದ ಬರಬೇಕಾಗಿವೆ, ಆದರೆ ಲಾಗಿನ್ ಆಗದವರಿಗೆ ಹೊರಗೆ ದಾರಿಯಿಲ್ಲ. ಎಲ್ಲವನ್ನೂ ರೂಟರ್ ಅಥವಾ ಕಂಟ್ರೋಲರ್ ಒಳಗೇ ಇಡಿ. ಗೂಗಲ್ ಖಾತೆಯಿಂದ ಲಾಗಿನ್ ಕೊಟ್ಟಿದ್ದರೆ ಅದು ಫೋನ್ ತಾನಾಗಿ ತೆರೆಯುವ ಪುಟ್ಟ ಕಿಟಕಿಯಲ್ಲಿ ನಡೆಯದೇ ಇರಬಹುದು; ಇಂಥ ಒಳಗಿಟ್ಟ ಕಿಟಕಿಗಳಿಗೆ ಗೂಗಲ್ ಸೈನ್ ಇನ್ ಅವಕಾಶ ಕೊಡುವುದಿಲ್ಲ. ಸಣ್ಣ ಜಾಗಕ್ಕೆ ವೌಚರ್ (ಲಾಗಿನ್ ಸಂಕೇತ ಬರೆದ ಚೀಟಿ) ಸಾಕು.

ಕನ್ನಡದಲ್ಲಿ ಸ್ವಾಗತ ಬರೆದವರಿಗೆ ಬರುವ ವಿಶೇಷ ತೊಂದರೆ ಒಂದಿದೆ. 'ಸುಸ್ವಾಗತ' ಇರಬೇಕಾದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಕಡತವನ್ನು ನೋಟ್‌ಪ್ಯಾಡ್‌ನಲ್ಲಿ 'ಆನ್ಸಿ' ರೂಪದಲ್ಲಿ ಉಳಿಸಿದ್ದಾರೆ. ಅಕ್ಷರಗಳು ಕಳೆದುಹೋಗಿವೆ, ಮತ್ತೆ ಟೈಪ್ ಮಾಡಿ 'ಯುಟಿಎಫ್-8' ರೂಪದಲ್ಲಿ ಉಳಿಸಬೇಕು. ಪ್ರಶ್ನಾರ್ಥಕದ ಬದಲು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಪಠ್ಯ ಸುರಕ್ಷಿತವಾಗಿದೆ, ಪುಟದ ತಲೆಯಲ್ಲಿ ಯುಟಿಎಫ್-8 ಅಂತ ಹೇಳುವ ಸಾಲು ಇಲ್ಲ ಅಷ್ಟೇ.

ಒಟಿಪಿ ಬರುತ್ತಿಲ್ಲ

ಎಸ್‌ಎಂಎಸ್ ಖಾತೆಯಲ್ಲಿ ಹಣ ಉಳಿದಿದೆಯಾ ಮೊದಲು ನೋಡಿ. ಇದ್ದರೆ, ಸಂದೇಶದ ಪಠ್ಯವನ್ನು ಇತ್ತೀಚೆಗೆ ಯಾರಾದರೂ ತಿದ್ದಿದ್ದಾರಾ ಕೇಳಿ. ಭಾರತದಲ್ಲಿ ಇಂಥ ಸಂದೇಶದ ಹೆಡರ್ (ಕಳಿಸಿದವರ ಹೆಸರು) ಮತ್ತು ಮಾದರಿ ಪಠ್ಯ ಎರಡೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. ನೋಂದಾಯಿಸಿದ ಮಾದರಿಗೂ ಕಳಿಸಿದ್ದಕ್ಕೂ ತಾಳೆಯಾಗದಿದ್ದರೆ ಟೆಲಿಕಾಂ ಕಂಪನಿಯೇ ಅದನ್ನು ತಡೆಯುತ್ತದೆ. ಹೋಟೆಲ್ ಹೆಸರು ಬದಲಾಯಿತು ಅಂತ ಸಂದೇಶದಲ್ಲೂ ಬದಲಿಸಿ ಹೀಗೆ ಸಿಕ್ಕಿಕೊಂಡವರಿದ್ದಾರೆ.

ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಒಟಿಪಿ ಲಾಗಿನ್ ಇಡುವುದಂತೂ ತಮಾಷೆಯೇ. ಕೊಡಗು, ಚಿಕ್ಕಮಗಳೂರಿನ ಎಷ್ಟೋ ಎಸ್ಟೇಟ್‌ಗಳಲ್ಲಿ ಅತಿಥಿ ವೈ-ಫೈ ಕೇಳುವುದೇ ಮೊಬೈಲ್ ನೆಟ್‌ವರ್ಕ್ ಇಲ್ಲ ಅಂತ. ಅವರಿಗೆ ಎಸ್‌ಎಂಎಸ್ ಬರಲಿ ಅಂದರೆ ಎಲ್ಲಿಂದ ಬರಬೇಕು? ವಿದೇಶಿ ಸಿಮ್‌ನವರದ್ದೂ ಇದೇ ಪಾಡು. ರಿಸೆಪ್ಷನ್‌ನಲ್ಲಿ ಗುರುತಿನ ಚೀಟಿ ಹೇಗೂ ನೋಡಿರುತ್ತೀರಿ, ಅಲ್ಲೇ ಒಬ್ಬೊಬ್ಬರಿಗೆ ಒಂದು ವೌಚರ್ ಕೊಟ್ಟು ಯಾರಿಗೆ ಯಾವುದು ಅಂತ ಬರೆದಿಡಿ.

ಲಾಗಿನ್ ಆಯಿತು, ಇಂಟರ್ನೆಟ್ ಇಲ್ಲ

ಹೊರಗಿನ ಲೈನ್ ನೋಡಿದ್ದೀರಿ, ಸರಿಯಿದೆ. ಹಾಗಾದರೆ ಇಂಟರ್ನೆಟ್ ಕಂಪನಿಯವರು ಕೊಟ್ಟ ಬಾಕ್ಸ್ ಮತ್ತು ನಿಮ್ಮ ರೂಟರ್ ಎರಡೂ 192.168.1 ಸರಣಿಯನ್ನೇ ಬಳಸುತ್ತಿವೆಯಾ ನೋಡಿ. ಎರಡು ಕಡೆ ಒಂದೇ ಸರಣಿ ಇದ್ದರೆ ರೂಟರ್‌ಗೆ ಯಾವುದು ಒಳಗೆ, ಯಾವುದು ಹೊರಗೆ ಅಂತ ತಿಳಿಯುವುದಿಲ್ಲ. ಗೆಸ್ಟ್ ಜಾಲವನ್ನು ಬೇರೆ ಸರಣಿಗೆ ಹಾಕಿ. ವೌಚರ್‌ನ ಡೇಟಾ ಮಿತಿ ಮುಗಿದಿರುವುದೂ ಉಂಟು.

ಮತ್ತೆ ಮತ್ತೆ ಲಾಗಿನ್ ಕೇಳುತ್ತಿದೆ

ರೂಟರ್ ಫೋನ್ ಅನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನ್‌ಗಳು ಪ್ರತಿ ವೈ-ಫೈ ಹೆಸರಿಗೂ ಬೇರೆ ಬೇರೆ ನಕಲಿ ಮ್ಯಾಕ್ ತೋರಿಸುತ್ತವೆ. ಮೇಲಿನ ಮಹಡಿಗೆ ಒಂದು ಹೆಸರು, ತೋಟದ ಕಾಟೇಜ್‌ಗೆ ಇನ್ನೊಂದು ಹೆಸರು ಇಟ್ಟಿದ್ದರೆ ಒಂದೇ ಫೋನ್ ನಿಮಗೆ ಇಬ್ಬರು ಅತಿಥಿಗಳಂತೆ ಕಾಣುತ್ತದೆ. ಎಲ್ಲ ಕಡೆ ಒಂದೇ ಹೆಸರು ಇಡಿ. ಐಒಎಸ್ 18ರಲ್ಲಿ ಪಾಸ್‌ವರ್ಡ್ ಇಲ್ಲದ ಜಾಲಗಳಲ್ಲಿ ಆ ಮ್ಯಾಕ್ ಆಗಾಗ ಬದಲಾಗುವ ಆಯ್ಕೆಯೂ ಇದೆ; ವಾರಗಟ್ಟಲೆ ಇರುವವರಿಗೆ ಅದನ್ನು 'ಸ್ಥಿರ' ಮಾಡಿಕೊಳ್ಳಲು ಹೇಳಿ.

"ನೋ ಮೋರ್ ಸೆಷನ್ಸ್" ಅನ್ನುವ ಸಂದೇಶ ಮೈಕ್ರೋಟಿಕ್ ಕಂಪನಿಯ ರೂಟರ್‌ನಲ್ಲಿ ಕಂಡರೆ ಒಂದೇ ವೌಚರ್ ಎರಡು ಸಾಧನಕ್ಕೆ ಬಳಸಿದ್ದಾರೆ. ಅದರಲ್ಲಿ ಮೂಲತಃ ಒಬ್ಬರಿಗಷ್ಟೇ ಅವಕಾಶ. 'ಶೇರ್ಡ್ ಯೂಸರ್ಸ್' ಅನ್ನು 2 ಅಥವಾ 3 ಮಾಡಿ.

ಕರೆಂಟ್ ಹೋಗಿ ಬಂದ ಮೇಲೆ ಎಲ್ಲರ ವೌಚರ್ ಒಟ್ಟಿಗೆ ಕೆಟ್ಟರೆ ರೂಟರ್‌ನ ಗಡಿಯಾರ ನೋಡಿ. ಎಷ್ಟೋ ಅಗ್ಗದ ರೂಟರ್‌ಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲ, ಎದ್ದಾಗ ತಾರೀಖು 1970ಕ್ಕೆ ಹೋಗಿ ಕೂತಿರುತ್ತದೆ. ಇಂಟರ್ನೆಟ್‌ನಿಂದ ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರ್ ಹೊಂದಿಸಿ, ರೂಟರ್‌ಗೂ ಫೈಬರ್ ಬಾಕ್ಸ್‌ಗೂ ಚಿಕ್ಕ ಯುಪಿಎಸ್ ಕೊಡಿ.

ಇಲ್ಲಿಗೆ ಕೈ ಬಿಟ್ಟು ತಿಳಿದವರನ್ನು ಕರೆಯಿರಿ

ಫೈಬರ್ ಬಾಕ್ಸ್‌ನಲ್ಲಿ 'ಎಲ್‌ಒಎಸ್' ದೀಪ ಕೆಂಪಾಗಿದ್ದರೆ ಅದು ಲೈನ್ ಕೊಟ್ಟವರ ಕೆಲಸ. ಫೈಬರ್ ತುದಿ ಬಿಚ್ಚಿ ಒಳಗೆ ಇಣುಕಬೇಡಿ. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ಅಪಾಯ ಮಾತ್ರ ಇದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಹೊರಗಿನ ಆಕ್ಸೆಸ್ ಪಾಯಿಂಟ್, ಅದರ ಕೇಬಲ್ ಮುಟ್ಟಬೇಡಿ. ಸಿಡಿಲು ಬಡಿದ ಮೇಲೆ ಸುಟ್ಟ ವಾಸನೆ ಇದ್ದರೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ಆನ್ ಮಾಡಬೇಡಿ.

ಗೆಸ್ಟ್ ಜಾಲದಿಂದ ನಿಮ್ಮ ಸಿಸಿಟಿವಿ ರೆಕಾರ್ಡರ್ ಅಥವಾ ಬಿಲ್ಲಿಂಗ್ ಕಂಪ್ಯೂಟರ್‌ನ ಫೋಲ್ಡರ್‌ಗಳು ತೆರೆದುಕೊಂಡರೆ ಪುಟದ ದೋಷ ಆಮೇಲೆ, ಮೊದಲು ಗೆಸ್ಟ್ ವೈ-ಫೈ ಆಫ್ ಮಾಡಿ. ನೀವು ಮಾಡಿಸದ ಲಾಗಿನ್ ಪುಟ ಕಾಣುತ್ತಿದ್ದು ಅದು ಜಿಮೇಲ್ ಪಾಸ್‌ವರ್ಡನ್ನೋ, ಆಧಾರ್ ಸಂಖ್ಯೆಯನ್ನೋ, ಯುಪಿಐ ಪಿನ್ ಅನ್ನೋ ಕೇಳುತ್ತಿದ್ದರೆ ಯಾರೋ ನಿಮ್ಮ ಹೆಸರಿನಲ್ಲೇ ವೈ-ಫೈ ಎಬ್ಬಿಸಿದ್ದಾರೆ ಅಥವಾ ರೂಟರ್ ಒಳಹೊಕ್ಕಿದ್ದಾರೆ. ಅತಿಥಿಗಳಿಗೆ ತಿಳಿಸಿ, ಪರದೆಯ ಚಿತ್ರ ತೆಗೆದಿಡಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಫ್ಯಾಕ್ಟರಿ ರಿಸೆಟ್ ರಂಧ್ರಕ್ಕೆ ಪಿನ್ ಚುಚ್ಚುವ ಮುಂಚೆ ಸೆಟ್ಟಿಂಗ್‌ಗಳ ಬ್ಯಾಕಪ್ ಕಡತ ಮತ್ತು ಲಾಗ್‌ಗಳನ್ನು (ಯಾರು ಯಾವಾಗ ಬಳಸಿದರು ಅನ್ನುವ ದಾಖಲೆ) ಹೊರಗೆ ತೆಗೆದಿಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಲು ಹೇಳುತ್ತದೆ. ಸಾಮಾನ್ಯವಾಗಿ ರಿಸೆಟ್ ಅವನ್ನೆಲ್ಲ ಒರೆಸಿಹಾಕುತ್ತದೆ. ಬ್ಯಾಕಪ್ ತೆಗೆಯಲು ಬಾರದಿದ್ದರೆ ರಿಸೆಟ್ ಮಾಡಲೇಬೇಡಿ.

ತಂತ್ರಜ್ಞರಿಗೆ ಕರೆ ಮಾಡುವಾಗ "ವೈ-ಫೈ ಬರ್ತಿಲ್ಲ" ಅನ್ನಬೇಡಿ. ಯಾವ ಫೋನ್, ಅದಕ್ಕೆ ಸಿಕ್ಕ ಐಪಿ ಏನು, ಕೇಬಲ್ ಕಂಪ್ಯೂಟರ್‌ಗೆ ಇಂಟರ್ನೆಟ್ ಇದೆಯಾ, ನೆವರ್ ಎಸ್‌ಎಸ್‌ಎಲ್ ತೆರೆದರೆ ಏನು ಬಂತು, ಐಪಿ ನೇರ ಟೈಪ್ ಮಾಡಿದರೆ ಏನು ಬಂತು, ಇಷ್ಟನ್ನು ಹೇಳಿ. ಅರ್ಧ ದೋಷಗಳನ್ನು ಅವರು ಬೈಕ್ ಹತ್ತದೆ ಫೋನಿನಲ್ಲೇ ಸರಿಮಾಡಿಸುತ್ತಾರೆ.